ನದಿಯಡಿಯಿಂದ ಪ್ರಾಗ್

ಏಪ್ರಿಲ್ ೨೪, ಗುರುವಾರ

ಪ್ರಾಗ್ ಪ್ರವಾಸದ ದಿನ ಗೊತ್ತಾಯಿತು. ಮೇ ಎರಡರ ಶುಕ್ರವಾರ ಹೊರಟು ಭಾನುವಾರ ಹಿಂದಿರುಗುವುದು. ಪ್ರವಾಸ ಮಾರ್ಗದರ್ಶಿ ತರಬೇತಿಯ ವಿದ್ಯಾರ್ಥಿಗಳಾದ ನಾವೇ ಸರದಿಯಂತೆ ಒಬ್ಬರಿಗೊಬ್ಬರು ಊರು ತೋರಿಸಬೇಕು. ನಮ್ಮ ಶಿಕ್ಷಕಿ ದನೂತಾ ಮೇಡಂ ಗುಂಪಿನ ಹಿಂದೆ ನಡೆದು ಬಂದು ಅಂಕ ಹಾಕುತ್ತಾರೆ. ತೇರ್ಗಡೆಯಾದವರಿಗೆ ಪ್ರಮಾಣಪತ್ರ, ಬೇಸಿಗೆಯಿಂದಲೇ ಕೆಲಸ.

ಗಣಿಯ ಕೆಲಸ ನಿಂತ ಮೇಲೆ ಮನೆಯಲ್ಲಿ ಕುಳಿತಿದ್ದ ನನ್ನನ್ನು ಈ ತರಗತಿಗೆ ಸೇರಿಸಿದವಳು ಹೆಂಡತಿ ಉರ್ಶೂಲಾ. ಅವಳ ಪಾರ್ಲರಿಗೆ ಬರುವ ಹೆಂಗಸರಲ್ಲಿ ಯಾರೋ ಹೇಳಿದರಂತೆ.

"ಇಷ್ಟು ವರ್ಷ ನೆಲದೊಳಗೆ ದಾರಿ ಗುರುತು ಹಾಕಿದೋನು ನೀನು. ನೆಲದ ಮೇಲೆ ತೋರ್ಸೋಕೇನು ಕಷ್ಟ?" ಎಂದಿದ್ದಳು. ನೆಲದೊಳಗೆ ಯಾರೂ ಭಾಷಣ ಕೇಳುವುದಿಲ್ಲ.

ಮಧ್ಯಾಹ್ನ ಕೊಚಿಬಾ ಫೋನ್ ಮಾಡಿದ್ದ. ಹಿಂದೆ ಗಣಿಯಲ್ಲಿ ನನ್ನ ಮೇಲಧಿಕಾರಿ. ಈಗ ಅದೇ ಗಣಿಯನ್ನು ಮುಚ್ಚುವ ಕೆಲಸದ ಮೇಲ್ವಿಚಾರಕ. ಎರಡು ಗಣಿಬಾವಿಗಳಿಗೆ ಕಲ್ಲುಮಣ್ಣು ತುಂಬುವ ಕೆಲಸ ಈ ಮೇ ತಿಂಗಳಲ್ಲಿ ಆರಂಭವಾಗುತ್ತದೆ. ಎಷ್ಟು ತುಂಬಿತೆಂದು ದಿನವೂ ಅಳೆಯಲು ಒಬ್ಬ ಅಳತೆಗಾರ ಬೇಕಂತೆ.

"ನಿನ್ನ ಬಿಟ್ಟು ಬೇರೆ ಯಾರ ಹೆಸ್ರೂ ಬರ್ದಿಲ್ಲ ಕಣಯ್ಯ. ಐದನೇ ತಾರೀಕು, ಸೋಮವಾರ. ಹೂಂ ಅಂದ್ಬಿಡು, ಇಲ್ಲ ಊಹೂಂ ಅಂದ್ಬಿಡು. ಆಮೇಲೆ ನಾನು ಕಾಯಲ್ಲ."

ಗೌರವದ ಕೆಲಸವೇ. ಆದರೆ ಆ ಬಾವಿಗಳ ತಳಕ್ಕೆ ಅಳತೆ ತಂತಿ ಇಳಿಸಿದವನು ನಾನು. ಅವು ದಿನದಿನಕ್ಕೆ ಎಷ್ಟು ಗಿಡ್ಡವಾದವೆಂದು ಬರೆಯುವ ಕೈಯೂ ನನ್ನದೇ ಆಗಬಾರದೆಂಬ ಆಸೆ ಇದೆ. ಆಸೆಯು ವಾದವಲ್ಲ, ಆದ್ದರಿಂದ ಯಾರಿಗೂ ಹೇಳಿಲ್ಲ. ಪ್ರಾಗ್‌ನಲ್ಲಿ ತೇರ್ಗಡೆಯಾದರೆ ಬೇಡವೆನ್ನುವುದು, ಆಗದಿದ್ದರೆ ಒಪ್ಪಿಕೊಳ್ಳುವುದು ಎಂದು ತೀರ್ಮಾನಿಸಿದ್ದೇನೆ.

ಕಾರ್ಡು ಬರೆಯಲು ದಪ್ಪ ಕಾಗದ ಕತ್ತರಿಸಿಟ್ಟೆ.

ಏಪ್ರಿಲ್ ೨೯, ಮಂಗಳವಾರ

ಕೋಟೆ, ಸೇತುವೆ, ಚೌಕ, ಗಡಿಯಾರ, ಮೂರು ಇಗರ್ಜಿಗಳು: ಪ್ರತಿಯೊಂದಕ್ಕೂ ಕಾರ್ಡು ಬರೆದಿದ್ದೇನೆ. ಕಟ್ಟಿದ ವರ್ಷ, ಎತ್ತರ, ಬಳಸಿದ ಕಲ್ಲು, ಕಮಾನಿನ ಅಗಲ. ಯಾವ ಭಾಗ ನನ್ನ ಪಾಲಿಗೆ ಬರುತ್ತದೆಂದು ಮೇಡಂ ಮುಂಚಿತವಾಗಿ ಹೇಳುವುದಿಲ್ಲ; ಆದ್ದರಿಂದ ಎಲ್ಲಕ್ಕೂ ಸಿದ್ಧನಾಗಿರಬೇಕು.

ಬಚ್ಚಲಮನೆಯ ಕನ್ನಡಿಯ ಮುಂದೆ ಗಟ್ಟಿಯಾಗಿ ಓದಿದೆ. ಉರ್ಶೂಲಾ ಬಾಗಿಲು ತಟ್ಟಿ, "ಒಳಗೆ ಯಾರ ಜೊತೆ ಜಗಳ?" ಎಂದಳು.

ಮೇ ೧, ಗುರುವಾರ

ಪೆಟ್ಟಿಗೆ ಕಟ್ಟಿದೆ. ಬಿಚ್ಚಿದೆ. ಕಟ್ಟಿದೆ.

ಮೇ ೨, ಶುಕ್ರವಾರ. ಪ್ರಾಗ್, ಹಾಸ್ಟೆಲ್

ಬೆಳಿಗ್ಗೆ ಕತೊವಿತ್ಸೆ ಬಿಟ್ಟು ಇನ್ನೂ ಊರ ಗಡಿ ದಾಟಿರಲಿಲ್ಲ, ಬಸ್ಸಿನ ತುಂಬ ಬೇಯಿಸಿದ ಮೊಟ್ಟೆಯ ವಾಸನೆ. ಗ್ರಾಜಿನಾ ಎಂಬುವರು ಹಿಂದೆ ಶಾಲೆಯ ಅಡುಗೆಮನೆಯಲ್ಲಿದ್ದವರು. ತರಗತಿಯಲ್ಲಿ ನನ್ನ ವಯಸ್ಸಿಗೆ ಹತ್ತಿರವಿರುವವರು ಅವರೊಬ್ಬರೇ. ಎಲ್ಲರಿಗೂ ಕಟ್ಲೆಟ್ ಇಟ್ಟ ಬ್ರೆಡ್ಡು ಹಂಚಿದರು. ಉಳಿದವರೆಲ್ಲ ನನ್ನ ಮಕ್ಕಳಾಗಬಹುದಾದ ವಯಸ್ಸಿನವರು, ನಮಗೆ ಮಕ್ಕಳಿಲ್ಲ.

ಬಸ್ಸಿನಲ್ಲೂ ಪರೀಕ್ಷೆ. ಪೋಲೆಂಡಿನ ಗಡಿ ದಾಟಿದ ಕೂಡಲೇ ಮೈಕು ನನ್ನ ಕೈಗೆ ಬಂತು. ಅಲ್ಲಿನ ಬೆಟ್ಟಗಳ ನಡುವಿನ ತಗ್ಗು ಹೇಗಾಯಿತು, ಯಾವ ಕಡೆಯ ಮಳೆನೀರು ಯಾವ ಸಮುದ್ರ ಸೇರುತ್ತದೆ ಎಂಬುದನ್ನು ಕ್ರಮವಾಗಿ ವಿವರಿಸಿದೆ. ತಪ್ಪಿಲ್ಲದೆ ಹೇಳಿದೆನೆಂದು ನನ್ನ ಅಂದಾಜು. ಕೂತ ಮೇಲೆ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ದನೂತಾ ಮೇಡಂ ಪಕ್ಕದ ಸೀಟಿಗೆ ಬಂದರು. ಅರವತ್ತು ದಾಟಿದವರು; ಗುಂಪುಗಳನ್ನು ಕರೆದೊಯ್ಯುವುದರಲ್ಲೇ ಕೂದಲು ನರೆಸಿಕೊಂಡವರು.

"ಎಂಜಿನಿಯರ್ರೇ, ಯಾರಿಗೆ ಹೇಳ್ತಾ ಇದ್ರಿ?"

"ಗುಂಪಿಗೆ."

"ಅಲ್ಲ. ಮುಂದಿನ ಗಾಜಿಗೆ. ಗಾಜು ತುಂಬಾ ಚೆನ್ನಾಗಿ ಕೇಳಿಸ್ಕೊಳ್ತು. ಹಿಂದೆ ಮೂರು ಜನ ಗೊರಕೆ ಹೊಡೀತಿದ್ರು, ಒಂದು ಹುಡುಗಿಗೆ ಟಾಯ್ಲೆಟ್ ಅರ್ಜೆಂಟು. ನಿಮ್ಮ ಮಾತಿನ ಮಧ್ಯೆ ಕೇಳೋಕೆ ಹೆದರಿ ಮುಖ ಕೆಂಪಗೆ ಮಾಡ್ಕೊಂಡು ಕೂತಿದ್ಲು."

ಟಾಯ್ಲೆಟ್ಟಿನ ಕಾರ್ಡು ನಾನು ಮಾಡಿರಲಿಲ್ಲ.

ಆಮೇಲೆ ಅವರು ಭಾನುವಾರದ ಸರದಿಗಳನ್ನು ಓದಿದರು. "ಕೋಟೆಯಿಂದ ಇಳಿದು, ಚಾರ್ಲ್ಸ್ ಸೇತುವೆ ದಾಟಿ, ಹಳೇ ಚೌಕದ ತನಕ: ಗ್ಲೊಂಬಿಕ್."

ನನ್ನ ಹೆಸರು.

ಹಿಂದಿನ ಸೀಟಿನಿಂದ ತಿಮೊನ್ ಎಂಬ ಹುಡುಗ ನನ್ನ ಹೆಗಲು ತಟ್ಟಿದ. "ಸೇತುವೆನೇ ಹೊಡ್ಕೊಂಡ್ರಲ್ಲ ಎಂಜಿನಿಯರ್ ಸಾಹೇಬ್ರೆ! ಪ್ರಾಗ್ ಅಂದ್ರೇನೇ ಅದು. ಉಳಿದಿದ್ದೆಲ್ಲ ಬರೀ ಬಿಯರು."

ಹಾಸ್ಟೆಲಿನಲ್ಲಿ ಈ ತಿಮೊನನ ಕೆಳಗಿನ ಮಂಚ ನನ್ನದು. ಕೋಣೆಯಲ್ಲಿ ಇನ್ನೂ ನಾಲ್ವರು ಹುಡುಗರು. ಸಾಕ್ಸುಗಳ ಬಗ್ಗೆ ಬರೆಯುವುದಿಲ್ಲ. ಲಿಫ್ಟು ಚಿಕ್ಕದು, ಆದರೆ ಸುಸ್ಥಿತಿಯಲ್ಲಿದೆ. ದನೂತಾ ಮೇಡಂ ಪೆಟ್ಟಿಗೆಯನ್ನು ಲಿಫ್ಟಿನಲ್ಲಿ ಕಳಿಸಿ ತಾವು ಐದು ಮಹಡಿ ಹತ್ತಿ ಬಂದರು. ವ್ಯಾಯಾಮಕ್ಕಾಗಿ ಇರಬಹುದು.

ಮೇ ೩, ಶನಿವಾರ. ಸಂಜೆ

ಎಲ್ಲರೂ ಏಳುವ ಮುಂಚೆ ಹೋಗಿ ನನ್ನ ದಾರಿಯನ್ನು ನಡೆದು ನೋಡಿ ಬಂದೆ. ಗುಂಪು ಎಲ್ಲಿ ನಿಲ್ಲಬೇಕು, ಎಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಬೀಳದು, ಎಲ್ಲವನ್ನೂ ಗುರುತು ಮಾಡಿಕೊಂಡೆ. ಸೇತುವೆಯ ಮೇಲೆ ಆ ಹೊತ್ತಿಗೆ ಒಬ್ಬ ವರ ಮತ್ತು ಒಬ್ಬ ವಧು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಚಳಿಗೆ ನಡುಗುತ್ತ. ಕೋಟೆಯ ಕಡೆಯ ದಡದ ಬೀದಿಯಲ್ಲಿ ಗೋಡೆಗೆ ಒರಗಿಸಿ ಕಬ್ಬಿಣದ ಬ್ಯಾರಿಕೇಡುಗಳ ರಾಶಿ ಇತ್ತು. ರಸ್ತೆ ದುರಸ್ತಿಯ ಸಿದ್ಧತೆ. ಕೆಲಸ ಸೋಮವಾರ ಆರಂಭವಾಗುತ್ತದೆಂದು ಊಹಿಸಿದೆ. ಪಕ್ಕದಲ್ಲೇ ಇಬ್ಬರು ಪೊಲೀಸರು ಕಾಫಿ ಕುಡಿಯುತ್ತಿದ್ದರು. ಕೇಳುವ ಅಗತ್ಯ ಕಾಣಲಿಲ್ಲ.

ಇಂದು ಗಡಿಯಾರದ ಸರದಿ ತಿಮೊನನದಾಗಿತ್ತು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಬಾಡಿಗೆಗಿದ್ದವನಂತೆ ಮಾತಾಡಿದ. ಅರ್ಧ ತಪ್ಪು. ಒಂದು ಶತಮಾನವನ್ನು ಪೂರ್ತಿ ನುಂಗಿಬಿಟ್ಟ. ಆದರೂ ಗಡಿಯಾರದ ಬೊಂಬೆಗಳು ಹೊರಬಂದಾಗ ನಮ್ಮವರೆಲ್ಲ ಏಕಕಾಲಕ್ಕೆ "ಓ" ಎಂದರು. ಪಕ್ಕದ ಗುಂಪಿನ ನಾಲ್ಕು ಜನ ನಮ್ಮೊಂದಿಗೆ ಬಂದು ನಿಂತಿದ್ದರು.

"ಅರ್ಧ ಸುಳ್ಳು," ಎಂದರು ಮೇಡಂ ಬರೆದುಕೊಳ್ಳುತ್ತ. "ಸರಿಯಾಗಿ ಓದ್ಕೋ. ಆದ್ರೆ ಜನ ನಿನ್ನ ಕೈಲಿದ್ರು. ಪಾಸು."

ಸರಿಯಾದದ್ದನ್ನು ಹೇಳುವುದು ನನಗೆ ಗೊತ್ತು. ಜನರನ್ನು ಕೈಯಲ್ಲಿ ಹಿಡಿಯುವುದಕ್ಕೆ ಯಾವ ಉಪಕರಣವೂ ನನ್ನ ಬಳಿ ಇಲ್ಲ.

ಮಧ್ಯಾಹ್ನ ಬಿಯರಂಗಡಿಯಲ್ಲಿ ಊಟ. ಗ್ರಾಜಿನಾ ತಟ್ಟೆಯ ಹಿಟ್ಟಿನುಂಡೆಯನ್ನು ಫೋರ್ಕಿನಿಂದ ತಿರುಗಿಸಿ ತಿರುಗಿಸಿ ನೋಡಿದರು.

"ಹೋಳು ಮಾಡಿ ಇಟ್ಟಿದ್ದಾರಲ್ಲ! ನಮ್ಮೂರ ಉಂಡೆ ಥರ ಮಧ್ಯೆ ಗುಳಿ ಇಲ್ಲ. ಗುಳಿ ಇಲ್ದೆ ಗ್ರೇವಿ ಎಲ್ಲಿ ನಿಲ್ಲುತ್ತೆ ಅಂತ?"

"ಹೊಟ್ಟೇಲಿ ನಿಲ್ಲುತ್ತೆ ಆಂಟಿ, ತಿನ್ನಿ," ಎಂದ ತಿಮೊನ್.

"ನೀನು ಬಾಯ್ಮುಚ್ಚು. ನಿಂಗೆ ಅಮ್ಮ ಸರಿಯಾಗಿ ಉಂಡೆ ಮಾಡಿ ಹಾಕಿಲ್ಲ, ಅದಕ್ಕೇ ಹಂಚಿಕಡ್ಡಿ ಥರ ಇದ್ದೀಯ."

ಎಲ್ಲರೂ ನಕ್ಕರು. ನಾನು ನಾಳೆಯ ಕಾರ್ಡುಗಳನ್ನು ಮೇಜಿನ ಕೆಳಗೆ ತಿರುವುತ್ತಿದ್ದೆ. ತಿಮೊನ್ ಬಗ್ಗಿ ನೋಡಿ, "ಅಡಿಯಲ್ಲೇನು, ಪ್ರಾರ್ಥನೆನಾ?" ಎಂದು ಕೇಳಿದ. ಆಮೇಲೆ ದನಿ ತಗ್ಗಿಸಿ, "ನಾಳೆ ನಾನು ಮುಂದಿನ ಸಾಲಲ್ಲಿ ನಿಲ್ತೀನಿ. ಮರೆತ್ರೆ ನನ್ನ ಮುಖ ನೋಡಿ, ಏನಾದ್ರೂ ಪೆದ್ದು ಪ್ರಶ್ನೆ ಕೇಳ್ತೀನಿ," ಎಂದ.

ಸಹಾಯ ಬೇಕಿಲ್ಲವೆಂದೆ. ಕಟುವಾಗಿ ಹೇಳಿದೆನೇನೋ. ಅವನು ಬಿಯರಿನತ್ತ ತಿರುಗಿದ.

ಮೇ ೪, ಭಾನುವಾರ. ಬೆಳಿಗ್ಗೆ

ನಿದ್ರೆ ಬರಲಿಲ್ಲ. ಹಾಸ್ಟೆಲಿನ ಹೊರಗೆ ಎಲ್ಲೋ ಡೋಲು ಬಾರಿಸುತ್ತಿದ್ದಾರೆ.

ಮೇ ೪, ಭಾನುವಾರ. ಹಿಂದಿರುಗುವ ಬಸ್ಸಿನಲ್ಲಿ

ನಡೆದುದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ. ಬಸ್ಸು ಅಲುಗುತ್ತಿದೆ, ಅಕ್ಷರ ಕ್ಷಮಿಸಬೇಕು, ಯಾರು ಕ್ಷಮಿಸಬೇಕೋ ತಿಳಿಯದು.

ಕೋಟೆಯ ಅಂಗಳದಲ್ಲಿ ಆರಂಭಿಸಿದೆ. ಕಾರ್ಡುಗಳು ಗಾಳಿಗೆ ಅಲ್ಲಾಡುತ್ತಿದ್ದವು. ಇಗರ್ಜಿಯ ಗೋಪುರಗಳ ಬಗ್ಗೆ ಹೇಳುವಾಗ ಗ್ರಾಜಿನಾ ಶೂ ಕಳಚಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದರು. ಇಬ್ಬರು ಹುಡುಗಿಯರು ಫೋನಿನಲ್ಲಿ ಮುಳುಗಿದ್ದರು. ತಿಮೊನ್ ಮಾತ್ರ ಮುಂದೆಯೇ ನಿಂತಿದ್ದ, ನಾನು ಬೇಡವೆಂದಿದ್ದರೂ. ನನ್ನ ದನಿ ಮತ್ತೆ ಗಾಜಿಗೆ ಮಾತಾಡುವ ದನಿಯೇ ಆಗಿತ್ತು. ನನಗೇ ಕೇಳಿಸುತ್ತಿತ್ತು, ನಿಲ್ಲಿಸಲಾಗಲಿಲ್ಲ.

ಮೆಟ್ಟಿಲಿಳಿದು ಕೆಳಗಿನ ಬೀದಿಗೆ ಬಂದೆವು. ತಿರುವಿನಲ್ಲಿ ಕಬ್ಬಿಣದ ಬ್ಯಾರಿಕೇಡು. ಅದರಾಚೆ ಬೀದಿಯ ತುಂಬ ಜನ ಓಡುತ್ತಿದ್ದರು: ಎದೆಗೆ ಅಂಕಿ ಅಂಟಿಸಿಕೊಂಡ ಸಾವಿರಾರು ಜನ, ಕೊನೆಯೇ ಕಾಣದ ಸಾಲು. ಡೋಲು ಬಾರಿಸುತ್ತಿದ್ದುದು ಅವರಿಗಾಗಿ. ಸೇತುವೆಯ ಬಾಗಿಲು ಆ ಸಾಲಿನ ಆಚೆ ಇತ್ತು.

ಪೊಲೀಸಿನವನು ತಲೆಯಾಡಿಸಿದ. ಮಧ್ಯಾಹ್ನದವರೆಗೂ ದಾಟುವಂತಿಲ್ಲ. ನಮ್ಮ ಬಸ್ಸು ನದಿಯ ಆಚೆಗೆ ನಿಂತಿತ್ತು. ಮಧ್ಯಾಹ್ನಕ್ಕೆ ಮುಂಚೆ ಹತ್ತಲೇಬೇಕು.

"ಇವತ್ತು ಓಟ ಅಂತ ಹಾಸ್ಟೆಲ್ ಗೋಡೆ ತುಂಬಾ ಪೋಸ್ಟರ್ ಇತ್ತಲ್ಲ!" ಎಂದ ತಿಮೊನ್. "ನಿಮ್ಗೆ ಬೇರೆ ದಾರಿ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ನಿಜ. ಎರಡು ದಿನಗಳಿಂದ ಯಾರನ್ನೂ ಏನನ್ನೂ ಕೇಳಿರಲಿಲ್ಲ. ನಿನ್ನೆಯ ರಾಶಿಯು ದುರಸ್ತಿಗಾಗಿ ಎಂದು ನಾನೇ ಹೇಳಿಕೊಂಡು ನಾನೇ ನಂಬಿದ್ದೆ. ಎಲ್ಲರ ಮುಖವೂ ನನ್ನ ಕಡೆ. ದನೂತಾ ಮೇಡಂ ಗುಂಪಿನ ಹಿಂದೆ, ಕೈ ಕಟ್ಟಿಕೊಂಡು. ನಿಯಮದಂತೆ ಅವರು ಬಾಯಿ ಹಾಕುವಂತಿಲ್ಲ.

ಮೇಲೆ ದಾರಿ ಮುಚ್ಚಿದರೆ ಕೆಳಗೆ ಇರುತ್ತದೆ. ಇದು ನಾನು ಯೋಚಿಸಿದ್ದಲ್ಲ, ಕಾಲುಗಳೇ ತಿಳಿದುಕೊಂಡವು. ಸ್ವಲ್ಪ ದೂರದಲ್ಲಿ ಮೆಟ್ರೊ ನಿಲ್ದಾಣ. ಅಲ್ಲಿಂದ ಒಂದೇ ನಿಲ್ದಾಣ, ನದಿಯ ಅಡಿಯಲ್ಲಿ ಹಾದರೆ ಆಚೆ ದಡ.

"ಬನ್ನಿ," ಎಂದೆ. "ಕೆಳಗಿಂದ ಹೋಗೋಣ."

ಮೇಡಂ ಹತ್ತಿರ ಬಂದರು. "ಖಚಿತಾನಾ?"

"ಖಚಿತ. ಒಂದೇ ನಿಲ್ದಾಣ."

ಅದನ್ನು ನಾನು ಪರೀಕ್ಷಕರ ಪ್ರಶ್ನೆಯೆಂದು ತಿಳಿದೆ. ಎಸ್ಕಲೇಟರಿನ ಬಾಯಿಯಲ್ಲಿ ಅವರು ನಿಂತು, ಯಾರಿಗೋ ದಾರಿ ಬಿಟ್ಟವರಂತೆ ಪಕ್ಕಕ್ಕೆ ಸರಿದು, ಮತ್ತೆ ಮುಂದೆ ಬಂದರು. ಆ ಊರಿನ ಎಸ್ಕಲೇಟರು ಕಡಿದಾದುದು, ವೇಗದ್ದು. ಕೆಳಗಿನ ತುದಿ ಮಸುಕಾಗಿ ಕಾಣುತ್ತದೆ. ಇಳಿಯುತ್ತಿದ್ದಂತೆ ಗಾಳಿಯ ವಾಸನೆ ಬದಲಾಯಿತು. ಅನೇಕ ತಿಂಗಳ ಮೇಲೆ ನನ್ನ ಭುಜಗಳು ಸಡಿಲವಾದವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಉಳಿದವರಿಗೂ ಹಾಗೆಯೇ ಆಗುತ್ತಿರಬೇಕೆಂದು ಭಾವಿಸಿದೆ. ಇಂದಿನ ಎರಡನೆಯ ತಪ್ಪು ಅದು, ಮೊದಲನೆಯದಕ್ಕಿಂತ ದೊಡ್ಡದು.

ಓಟ ನೋಡಲು ಬಂದವರೆಲ್ಲ ಅದೇ ಉಪಾಯ ಮಾಡಿದ್ದರು. ಗಾಡಿ ಕಿಕ್ಕಿರಿದಿತ್ತು. ನಾವೆಲ್ಲ ಒಂದೇ ಬೋಗಿಯಲ್ಲಿ ನುಗ್ಗಿದೆವು. ಗಾಡಿ ಹೊರಟಿತು, ನಿಧಾನವಾಯಿತು, ಸುರಂಗದ ನಡುವೆ ನಿಂತಿತು. ಮುಂದಿನ ನಿಲ್ದಾಣದಲ್ಲಿ ಜನ ತುಂಬಿದ್ದಾರೆ, ಅವರು ಮೇಲೆ ಹೋಗುವವರೆಗೆ ಕಾಯಬೇಕು ಎಂದು ಚೆಕ್ ಭಾಷೆಯಲ್ಲಿ ಹೇಳಿದರು. ನಮ್ಮವರಿಗೆ ಅರ್ಧ ತಿಳಿಯಿತು. ಅರ್ಧ ತಿಳಿದದ್ದು ಏನೂ ತಿಳಿಯದಿರುವುದಕ್ಕಿಂತ ಕೆಟ್ಟದು.

"ಏನಂತೆ? ಏನಾಗಿದ್ಯಂತೆ?"

"ನಾವೀಗ ನದಿ ಕೆಳಗಿದ್ದೀವಾ?"

"ಹೌದಾ? ಸರಿಯಾಗಿ ಕೆಳಗೇನಾ?"

ಆಗ ನಾನು ದನೂತಾ ಮೇಡಂ ಅವರನ್ನು ನೋಡಿದೆ. ಬಾಗಿಲ ಪಕ್ಕದ ಕಂಬವನ್ನು ಎರಡೂ ಕೈಯಿಂದ ಹಿಡಿದಿದ್ದರು. ತುಟಿ ಬೆಳ್ಳಗಾಗಿತ್ತು. ಕಣ್ಣು ಛಾವಣಿಯ ಒಂದು ಬಿಂದುವಿನಲ್ಲಿ ನೆಟ್ಟಿತ್ತು, ಅಲ್ಲಿ ಏನೂ ಇಲ್ಲದಿದ್ದರೂ. ಆ ಮುಖ ನನಗೆ ಪರಿಚಿತ. ಗಣಿ ನೋಡಲು ಬಂದವರಲ್ಲಿ ಆಗಾಗ ಒಬ್ಬರ ಮುಖ ಹಾಗಾಗುತ್ತಿತ್ತು. ಅಧಿಕಾರಿಗಳಾಗಿರಲಿ, ಕುಸ್ತಿಪಟುಗಳಾಗಿರಲಿ, ವ್ಯತ್ಯಾಸವಿಲ್ಲ. ಇನ್ನು ಸ್ವಲ್ಪ ಹೊತ್ತಾದರೆ ಅವರು ಬಾಗಿಲು ಬಡಿಯುತ್ತಾರೆ. ಆಮೇಲೆ ಜೀವನವಿಡೀ ಅದಕ್ಕಾಗಿ ನಾಚುತ್ತಾರೆ.

ಜನರ ನಡುವೆ ನುಸುಳಿ ಹೋಗಿ ಅವರ ಎದುರು, ಗುಂಪಿಗೆ ಅವರ ಮುಖ ಕಾಣದಂತೆ ನಿಂತೆ. ನೆಲದಡಿಯಲ್ಲಿ ಧೂಳು ದಟ್ಟವಾದಾಗ, ದೀಪ ಕೈಕೊಟ್ಟಾಗ, ಮುಂದಿರುವವನು ಮಾತು ನಿಲ್ಲಿಸಬಾರದು. ಏನಾದರೂ ಸರಿ. ಹಿಂದಿನವರು ಆ ದನಿ ಹಿಡಿದುಕೊಂಡು ಬರುತ್ತಾರೆ. ಇದು ಯಾವ ನಿಯಮಾವಳಿಯಲ್ಲೂ ಇಲ್ಲ.

ಕಾರ್ಡುಗಳು ಜೇಬಿನಲ್ಲಿದ್ದವು, ಜೇಬಿಗೆ ಕೈ ಹಾಕಲು ಜಾಗವಿರಲಿಲ್ಲ. ಆದ್ದರಿಂದ ಫ್ರಾನ್ಯಾಳ ವಿಷಯ ಹೇಳಿದೆ. ಫ್ರಾನ್ಯಾ ನಾನು ಸಾಕಿದ್ದ ಒಂದು ಹೆಣ್ಣು ಪಾರಿವಾಳ. ಬಹಳ ಜಗಳಗಂಟಿ. ಪಕ್ಕದೂರಿನ ಷಿಮುರಾ ಎಂಬುವನಿಗೆ ಕೊಟ್ಟೆ; ಮರುದಿನವೇ ಹಾರಿ ವಾಪಸು ಬಂತು. ಮತ್ತೆ ಒಯ್ದು ಕೊಟ್ಟೆ, ಮತ್ತೆ ಬಂತು. ಷಿಮುರಾಗೆ ಸಿಟ್ಟು ಬಂದು ರೆಕ್ಕೆಗರಿ ಕತ್ತರಿಸಿದ.

"ಅಯ್ಯೋ ಪಾಪ!" ಎಂದರು ಗ್ರಾಜಿನಾ ಹಿಂದಿನಿಂದ.

ಪಾಪವೇನಿಲ್ಲ, ಗರಿ ಮತ್ತೆ ಬೆಳೆಯುತ್ತದೆ ಎಂದೆ. ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಸಣ್ಣ ಶಬ್ದ. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಬಾಗಿಲು ತೆಗೆದು ನೋಡಿದರೆ ಫ್ರಾನ್ಯಾ. ನಡೆದು ಬಂದಿದ್ದಳು. ಪಕ್ಕದೂರಿನಿಂದ, ಟ್ರಾಮ್ ಹಳಿ ದಾಟಿ, ಮಾರುಕಟ್ಟೆ ದಾಟಿ, ಕಾಲೆಲ್ಲ ಮಸಿ. ಒಂದೊಂದೇ ಮೆಟ್ಟಿಲು ಕುಪ್ಪಳಿಸಿ ಹತ್ತುತ್ತಿದ್ದಳು.

"ಟ್ರಾಮ್ ಹತ್ತಬೇಕಿತ್ತು," ಎಂದ ತಿಮೊನ್. "ಟಿಕೆಟ್ಟಿಗೆ ಕಾಸಿರ್ಲಿಲ್ವಾ?"

"ಒಂದೇ ನಿಲ್ದಾಣಕ್ಕೆ ಯಾಕೆ ಅಂದ್ಕೊಂಡಿರ್ಬೇಕು," ಎಂದೆ. ಹಾಗೆ ಹೇಳಿದ್ದೇಕೋ ತಿಳಿಯದು.

ಬೋಗಿ ನಕ್ಕಿತು. ನಮ್ಮ ಪೋಲಿಷ್ ಭಾಷೆ ಅರ್ಧ ತಿಳಿಯುವ ಚೆಕ್ ಅಜ್ಜಿಯೊಬ್ಬರು ಪಕ್ಕದವರಿಗೆ ತಮ್ಮ ಮಾತಿನಲ್ಲಿ ವಿವರಿಸಿದರು. ಆ ಕಡೆಯಿಂದ ತಡವಾಗಿ ಇನ್ನೊಂದು ನಗು ಬಂತು.

"ನಿಮ್ಮನ್ನ ನೋಡಿ ಏನ್ಮಾಡ್ತು?" ಯಾರೋ ಕೇಳಿದರು.

"ಕುಕ್ಕಿತು."

ನಾನು ಮಾತಾಡುತ್ತಲೇ ಹೋದೆ. ಷಿಮುರಾ ನನ್ನ ಮೇಲೆ ಹೊರಿಸಿದ ಆರೋಪ. ಉರ್ಶೂಲಾ ಫ್ರಾನ್ಯಾಳ ಕಾಲನ್ನು ಶಾಂಪೂ ಹಾಕಿ ತೊಳೆದದ್ದು. ಫ್ರಾನ್ಯಾ ಪಾರ್ಲರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ ಅಲ್ಲಿಂದ ಕದಲದೆ ಕೂತದ್ದು. ಮೇಡಂ ಅವರ ಕಣ್ಣು ಛಾವಣಿಯಿಂದ ಇಳಿದು ನನ್ನ ಕೋಟಿನ ಗುಂಡಿಗೆ ಬಂತು, ಅಲ್ಲಿಂದ ಬಾಯಿಗೆ. ಒಮ್ಮೆ ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಮೇಲೆ ಎಷ್ಟಿದೆ?"

ನದಿಯ ತಳ ನಮ್ಮಿಂದ ಎಷ್ಟು ಮೇಲಿದೆ, ಅದರ ಮೇಲೆ ನೀರು ಎಷ್ಟು ಎಂದು ನನಗೆ ಗೊತ್ತಿತ್ತು. ಕಾರ್ಡಿನಲ್ಲೂ ಇತ್ತು.

"ಮೇಲೆ ಜನ ಓಡ್ತಾ ಇದಾರೆ ಮೇಡಂ," ಎಂದೆ. "ಬೆವರ್ತಾ ಇದಾರೆ. ನಾವಿಲ್ಲಿ ಆರಾಮಾಗಿ ನಿಂತಿದ್ದೀವಿ."

ಗಾಡಿ ಎಷ್ಟು ಹೊತ್ತು ನಿಂತಿತ್ತೋ ನೋಡಿಕೊಳ್ಳಲಿಲ್ಲ. ಆಮೇಲೆ ಹೊರಟಿತು.

ಮೇಲೆ ಬಂದು ನದಿಯ ದಡಕ್ಕೆ ಹೋದೆವು. ಬಿಸಿಲಿತ್ತು. ಮೇಡಂ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ನೀರನ್ನೇ ನೋಡಿದರು. ಹುಡುಗಿಯರು ಐಸ್‌ಕ್ರೀಮ್ ತಂದರು. ಎಡಗಡೆ ದೂರದಲ್ಲಿ ಚಾರ್ಲ್ಸ್ ಸೇತುವೆ ಕಾಣುತ್ತಿತ್ತು, ಅದರ ಮೇಲೆ ಇರುವೆಗಳಂತೆ ಜನ.

"ಅಗೋ, ಅದು ಸೇತುವೆ," ಎಂದೆ.

ಅಷ್ಟೇ ಹೇಳಿದ್ದು. ಕಮಾನುಗಳ ಬಗ್ಗೆ, ಕಲ್ಲಿನ ಬಗ್ಗೆ, ವಿಗ್ರಹಗಳ ಬಗ್ಗೆ ಒಂದು ಮಾತೂ ಇಲ್ಲ. ಹೇಳಲು ಸಮಯವಿತ್ತು. ಆದರೆ ಗ್ರಾಜಿನಾ, ಫ್ರಾನ್ಯಾ ಆಮೇಲೆ ಎಷ್ಟು ವರ್ಷ ಬದುಕಿದಳು ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಬಸ್ಸಿನತ್ತ ನಡೆಯುವಾಗ ಮೇಡಂ ನನ್ನ ಪಕ್ಕಕ್ಕೆ ಬಂದರು. "ಗ್ಲೊಂಬಿಕ್ ಅವರೇ, ಒಳಗೆ ನಾನು..."

"ಒಳಗೆ ಸೆಖೆ ಬಹಳ ಇತ್ತು," ಎಂದೆ.

ಅವರು ಕೋಟಿನ ಗುಂಡಿ ಬಿಚ್ಚಿದರು. "ಹೌದು. ಸೆಖೆ," ಎಂದರು.

ಇದಿಷ್ಟು. ಸೇತುವೆ ತೋರಿಸಬೇಕಾದವನು ಗುಂಪನ್ನು ಸೇತುವೆ ಕಾಣದ ದಾರಿಯಲ್ಲಿ ಕರೆದೊಯ್ದೆ, ವಿಚಾರಿಸಬೇಕಾದುದನ್ನು ವಿಚಾರಿಸಲಿಲ್ಲ, ಸಿದ್ಧಪಡಿಸಿದ್ದರಲ್ಲಿ ಮುಕ್ಕಾಲು ಭಾಗ ಹೇಳಲಿಲ್ಲ. ಫಲಿತಾಂಶವನ್ನು ಮೇಡಂ ಗಡಿಗೆ ಮುಂಚೆ ಓದುತ್ತಾರೆ. ಈಗ ಒಂದೇ ಭಯ. ಅವರು ನನ್ನನ್ನು ತೇರ್ಗಡೆ ಮಾಡಿಬಿಟ್ಟರೆ? ಅದು ಅಂಕವೋ, ನನ್ನ ಮೌನದ ಬೆಲೆಯೋ ಎಂದು ನನಗೆ ಎಂದೂ ತಿಳಿಯುವುದಿಲ್ಲ.

ಮುಂದೆ ಮೈಕಿನ ಗರಗರ ಸದ್ದು. ಓದುತ್ತಾರೆಂದು ಕಾಣುತ್ತದೆ.

ಮೇ ೫, ಸೋಮವಾರ. ಬೆಳಿಗ್ಗೆ

ಮೇಡಂ ನೇರವಾದವರು.

"ಎರ್ವಿನ್ ಗ್ಲೊಂಬಿಕ್," ಎಂದು ನಿನ್ನೆ ಮೈಕಿನಲ್ಲಿ ಓದಿದರು. "ಓಟದ ವಿಷಯ ವಿಚಾರಿಸ್ಲಿಲ್ಲ. ಸೇತುವೆ ತೋರಿಸ್ಲಿಲ್ಲ. ಇಷ್ಟು ವರ್ಷದಲ್ಲಿ ಪ್ರಾಗನ್ನ ಅಡಿಯಿಂದ ತೋರಿಸಿದ ಮೊದಲ್ನೇ ಮಾರ್ಗದರ್ಶಿ ಇವರು. ತೇರ್ಗಡೆ ಇಲ್ಲ. ಜೂನ್‌ನಲ್ಲಿ ವಿಯೆನ್ನಾದಲ್ಲಿ ಮತ್ತೆ ಪರೀಕ್ಷೆ."

ಬಸ್ಸು ಗಲಾಟೆ ಎಬ್ಬಿಸಿತು.

"ಮೇಡಂ, ಅನ್ಯಾಯ! ಮತ್ತೆ ಪಾರಿವಾಳ?"

"ಪಾರಿವಾಳಕ್ಕೆ ಅಂಕ ಇಲ್ಲ."

"ನಾನು ಸುಳ್ಳು ಹೇಳಿ ಪಾಸು, ಅವರು ನಿಜ ಹೇಳಿ ಫೇಲಾ?" ಎಂದು ತಿಮೊನ್ ಸೀಟಿನ ಮೇಲೆ ಎದ್ದು ನಿಂತ.

"ನೀನು ಬೊಂಬೆ ತೋರ್ಸಿದೆ. ಕೂತ್ಕೋ, ಇಲ್ಲಾಂದ್ರೆ ನಿನ್ನ ಪಾಸೂ ಕಿತ್ಕೊಳ್ತೀನಿ."

ಎದೆಯ ಮೇಲಿನ ಭಾರ ಇಳಿದಂತಾಯಿತು. ತೀರ್ಪು ಸರಿಯಾಗಿತ್ತು; ನಾನಾದರೂ ಹಾಗೆಯೇ ಬರೆಯುತ್ತಿದ್ದೆ. ಅವರು ನಡೆದು ಬಂದು ನನ್ನ ಸೀಟಿನ ಪಕ್ಕ ನಿಂತು ಮೈಕನ್ನು ಕೈಗಿಟ್ಟರು. "ಗಡಿ ಬರೋವರ್ಗೂ ಮಾತಾಡಿ. ಇದಕ್ಕೂ ಅಂಕ ಇಲ್ಲ," ಎಂದರು. ಏನು ಮಾತಾಡಿದೆನೋ ಸರಿಯಾಗಿ ನೆನಪಿಲ್ಲ. ಮೊದಲು ಟಾಯ್ಲೆಟ್ ಯಾರಿಗೆ ಬೇಕೆಂದು ಕೇಳಿದೆ. ನಾಲ್ಕು ಕೈ ಎದ್ದವು.

ತೇರ್ಗಡೆಯಾಗಿಲ್ಲವಾದ್ದರಿಂದ ನನ್ನ ತೀರ್ಮಾನದಂತೆ ಇಂದು ಕೊಚಿಬಾನಿಗೆ ಫೋನ್ ಮಾಡಿ ಒಪ್ಪಿಗೆ ತಿಳಿಸಬೇಕು.

ಅದೇ ದಿನ. ಮಧ್ಯಾಹ್ನ

ಫೋನ್ ಮಾಡಿದೆ.

"ಏನಯ್ಯಾ ಎರ್ವಿನ್, ಹೂಂ ತಾನೇ?" ಎಂದ ಕೊಚಿಬಾ. "ನಿಂಗೆ ಹೇಳಿ ಮಾಡ್ಸಿದ ಕೆಲಸ. ಬೆಳಿಗ್ಗೆ ಬರ್ತೀಯ, ತಂತಿ ಇಳಿಸ್ತೀಯ, ಅಂಕಿ ಬರೀತೀಯ, ಮನೆಗೆ ಹೋಗ್ತೀಯ. ಯಾವ ನರಪಿಳ್ಳೆ ಜೊತೆಗೂ ಮಾತಾಡೋ ಹಂಗಿಲ್ಲ."

"ಬಾವಿಯ ಹತ್ತಿರ ಬೇರೆ ಯಾರೂ ಇರುವುದಿಲ್ಲವೇ?"

"ಯಾರಿರ್ತಾರೆ? ಲಾರಿಯೋರು ಸುರಿದು ಹೋಗ್ತಾರೆ. ನೀನೊಬ್ನೇ, ರಾಜನ ಥರ."

ಆಗುವುದಿಲ್ಲವೆಂದೆ.

"ಪಾಸಾದ್ಯಾ?" ಎಂದ.

"ಇಲ್ಲ."

"ಮತ್ತೆ?"

ಜೂನ್‌ನಲ್ಲಿ ವಿಯೆನ್ನಾ ಇದೆ, ಎರಡು ಕೆಲಸಗಳು ಒಟ್ಟಿಗೆ ಹೊಂದುವುದಿಲ್ಲ ಎಂದು ಕಾರಣ ಕೊಟ್ಟೆ. ಸಮರ್ಪಕವಾದ ಕಾರಣ. ಅಳತೆಗೆ ಗಣಿಯಲ್ಲಿ ನನ್ನ ಸಹಾಯಕನಾಗಿದ್ದ ಪಾವೆಲನನ್ನು ಕರೆಯುವಂತೆ ಹೇಳಿದೆ; ಅವನಿಗೆ ಇಬ್ಬರು ಮಕ್ಕಳು, ಕೆಲಸ ಬೇಕು. ವಿಷಯ ಅಲ್ಲಿಗೆ ಮುಗಿದಿತ್ತು. ಆದರೆ ಪ್ರಾಗ್ ಹೇಗಿತ್ತೆಂದು ಕೊಚಿಬಾ ಸುಮ್ಮನೆ ಬಾಯಿಮಾತಿಗೆ ಕೇಳಿದ. ಕೇಳಿದ್ದಕ್ಕೆ ಉತ್ತರ ಹೇಳಬೇಕಾದುದು ಸೌಜನ್ಯವಾದ್ದರಿಂದ ಹೇಳಿದೆ: ಗ್ರಾಜಿನಾ ಅವರ ಕಟ್ಲೆಟ್ಟು, ತಿಮೊನ್ ನುಂಗಿದ ಶತಮಾನ, ಮೇಲಿನ ಮಂಚದಿಂದ ಅವನ ಸಾಕ್ಸು ನನ್ನ ದಿಂಬಿನ ಮೇಲೆ ಬಿದ್ದದ್ದು, ಚಳಿಗೆ ನಡುಗುತ್ತಿದ್ದ ವಧುವಿಗೆ ವರ ತನ್ನ ಕೋಟು ಕೊಡದೆ ನಿಂತಿದ್ದದ್ದು, ಫ್ರಾನ್ಯಾಳನ್ನು ಚೆಕ್ ಭಾಷೆಗೆ ತಿರುಗಿಸಿದ ಅಜ್ಜಿ. ಸುರಂಗದಲ್ಲಿ ಸೆಖೆ ಬಹಳ ಇತ್ತೆಂದೂ ಹೇಳಿದೆ.

"ಎರ್ವಿನ್," ಎಂದ ಕೊಚಿಬಾ ಕೊನೆಗೆ, "ನನ್ನ ಊಟ ಆರಿ ಹೋಯ್ತು ಕಣಯ್ಯ."

ಕ್ಷಮೆ ಕೇಳಿ ಇಟ್ಟೆ. ಫೋನು ಕಿವಿಗೆ ಸುಡುವಷ್ಟು ಬಿಸಿಯಾಗಿತ್ತು. ಬ್ಯಾಟರಿ ಹಳೆಯದಾಗಿರಬೇಕು, ಬದಲಿಸಬೇಕು.